ಹೊಸ್ತಿಲಿಗೆ ಈಚೆ, ಅಂಗಳಕ್ಕೆ ಆಚೆ

ಮೂರು ವರ್ಷಗಳ ಹಿಂದೆ ನನ್ನ ದೊಡ್ಡಪ್ಪ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ನಸುಕಿನ ನಾಲ್ಕು ಗಂಟೆಗೆ ಆಂಬುಲೆನ್ಸ್ ಅವರ ಅಪಾರ್ಟ್‌ಮೆಂಟಿನ ಗೇಟಿನೊಳಗೆ ಬಂದು ನಿಂತಾಗ, ಅವರನ್ನು ಎಲ್ಲಿ ಮಲಗಿಸಬೇಕೆಂಬುದೇ ನಮಗೆ ತೋಚಲಿಲ್ಲ. ಮನೆ ಐದನೆಯ ಮಹಡಿಯಲ್ಲಿತ್ತು. ಲಿಫ್ಟಿನಲ್ಲಿ ಆರು ಜನ ನಿಲ್ಲಬಹುದಿತ್ತು, ಒಬ್ಬರು ಮಲಗುವಷ್ಟು ಉದ್ದ ಅದಕ್ಕಿರಲಿಲ್ಲ. ಮೆಟ್ಟಿಲ ತಿರುವುಗಳಲ್ಲಿ ಸ್ಟ್ರೆಚರ್ ಹೊರಳುವುದಿಲ್ಲವೆಂದು ಕಾವಲಿನವರು ಮೊದಲೇ ಹೇಳಿದರು. ಅವರಿಗೆ ಅದು ಅನುಭವದಿಂದ ಗೊತ್ತಿದ್ದ ವಿಷಯ. ಕೊನೆಗೆ ನೆಲಮಟ್ಟದ ಪಾರ್ಕಿಂಗಿನಲ್ಲಿ ಒಂದು ಕಾರನ್ನು ಹಿಂದಕ್ಕೆ ಸರಿಸಿ, ಆ ಜಾಗದಲ್ಲಿ ಚಾಪೆ ಹಾಸಿ, ಅದರ ಮೇಲೆ ಅವರನ್ನು ಮಲಗಿಸಿದೆವು. ತಲೆಯ ಬಳಿ ಹಚ್ಚಿಟ್ಟ ದೀಪ ಪಕ್ಕದ ಕಾರಿನ ಚಕ್ರದ ನೆರಳನ್ನು ಗೋಡೆಯ ಮೇಲೆ ದೊಡ್ಡದಾಗಿ ಬೀಳಿಸುತ್ತಿತ್ತು. ನೆಲದ ಮೇಲೆ ಹಳದಿ ಬಣ್ಣದಲ್ಲಿ ಬರೆದಿದ್ದ ಕಾರಿನ ಜಾಗದ ಸಂಖ್ಯೆಯಲ್ಲಿ ಅರ್ಧ ಚಾಪೆಯ ಕೆಳಗೆ ಸೇರಿತ್ತು, ಇನ್ನರ್ಧ ಕಾಣುತ್ತಿತ್ತು.

ಬೆಳಗಾಗುತ್ತಿದ್ದಂತೆ ಬಂಧುಗಳು ಬರತೊಡಗಿದರು. ಬಂದವರಲ್ಲಿ ಒಬ್ಬರಿಗೂ ಚಪ್ಪಲಿಯನ್ನು ಎಲ್ಲಿ ಬಿಡಬೇಕೆಂದು ತಿಳಿಯಲಿಲ್ಲ. ಕೆಲವರು ಗೇಟಿನ ಹತ್ತಿರವೇ ಬಿಟ್ಟರು, ಕೆಲವರು ಕಾರುಗಳ ಸಂದಿಯಲ್ಲಿ ಬಿಟ್ಟರು, ಒಬ್ಬ ಹಿರಿಯರು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಹಳ ಹೊತ್ತು ನಿಂತಿದ್ದರು. ಎಷ್ಟು ಹತ್ತಿರ ಹೋದರೆ ಹತ್ತಿರ, ಎಲ್ಲಿ ನಿಂತರೆ ದೂರ ಎಂಬುದನ್ನು ತಿಳಿಸುವ ಗುರುತು ಆ ನೆಲದ ಮೇಲೆ ಯಾವುದೂ ಇರಲಿಲ್ಲ. ನೆರೆಹೊರೆಯವರು ಒಳ್ಳೆಯವರು. ಕೆಲಸಕ್ಕೆ ಹೊರಟಿದ್ದ ಒಬ್ಬರು ಕಾರನ್ನು ಚಾಲೂ ಮಾಡದೆ, ನಾವು ಹೊರಡುವವರೆಗೂ ಅದರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಜನರಲ್ಲಿ ಕೊರತೆ ಇರಲಿಲ್ಲ. ಕಟ್ಟಡದಲ್ಲಿ ಇತ್ತು, ಮತ್ತು ಕಟ್ಟಡಗಳ ನಕ್ಷೆ ಹಾಕುವುದೇ ನನ್ನ ವೃತ್ತಿಯಾದ್ದರಿಂದ ಆ ಬೆಳಗನ್ನು ನಾನು ಇನ್ನೂ ಮರೆತಿಲ್ಲ.

ನನಗೆ ಹನ್ನೊಂದು ವರ್ಷವಿದ್ದಾಗ ಅಜ್ಜ ಹೋದದ್ದು ಸಾಗರದ ಹತ್ತಿರದ ನಮ್ಮ ಹಳೆಯ ಮನೆಯಲ್ಲಿ. ಅಂದು ಯಾರೂ ಯಾರನ್ನೂ ಏನನ್ನೂ ಕೇಳಲಿಲ್ಲ. ನಡುಮನೆಯಿಂದ ಅವರನ್ನು ಜಗುಲಿಗೆ ತಂದು ತಲೆಯನ್ನು ದಕ್ಷಿಣಕ್ಕೆ ಮಾಡಿ ಮಲಗಿಸಿದರು. ಬಂದವರು ಅಂಗಳದಲ್ಲಿ ನಿಂತರು. ಹತ್ತಿರದವರು ಮೊದಲ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಜಗುಲಿಯ ಮೇಲೆ ಬಂದು ಕೂತರು. ಮನೆಯ ಹೆಂಗಸರು ಬಾಗಿಲ ಒಳಗಡೆ, ಹೊಸ್ತಿಲಿಗೆ ಒತ್ತಿಕೊಂಡು ಕೂತಿದ್ದರು. ಅಜ್ಜ ಆಗ ಮನೆಯೊಳಗಿನವರೂ ಆಗಿರಲಿಲ್ಲ, ಹೊರಟುಹೋದವರೂ ಆಗಿರಲಿಲ್ಲ; ಅಂಥವರನ್ನು ಇರಿಸಿಕೊಳ್ಳಲು ಆ ಮನೆಯಲ್ಲಿ ಒಂದು ಜಾಗ ಮೊದಲೇ ಇತ್ತು.

ಆ ಮನೆಗೆ ಹೋಗುವ ದಾರಿಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ರಸ್ತೆಯಿಂದ ಇಳಿದರೆ ಬೇಲಿಯ ಬಾಗಿಲಾದ ದಣಪೆ, ಅದನ್ನು ದಾಟಿದರೆ ಅಡಿಕೆ ಒಣಗಿಸುವ ಅಂಗಳ. ಅಂಗಳದ ತುದಿಯಲ್ಲಿ ಕಾಲು ತೊಳೆಯುವ ಕಲ್ಲು, ಅದರ ಪಕ್ಕದಲ್ಲಿ ನೀರು ತುಂಬಿದ ಕೊಡ ಮತ್ತು ತಂಬಿಗೆ. ಎರಡು ಮೆಟ್ಟಿಲು ಏರಿದರೆ ಕೆಳಜಗುಲಿ; ಅಲ್ಲಿ ಮಳೆಗಾಲದಲ್ಲಿ ಕಂಬಳಿ ಮತ್ತು ಕೊಡೆಗಳನ್ನು ನೇತುಹಾಕಲು ಮರದ ಗೂಟಗಳಿದ್ದವು. ಇನ್ನೊಂದು ಮೆಟ್ಟಿಲಿನಷ್ಟು ಎತ್ತರದಲ್ಲಿ ಮೇಲುಜಗುಲಿ. ಅಲ್ಲಿ ಚಾಪೆ, ಕವಳದ ತಟ್ಟೆ, ಗೋಡೆಗೆ ಒರಗಿಸಿಟ್ಟ ಮಣೆ. ಬಂದವರಿಗೆ ಮೊದಲು ಬೆಲ್ಲ ಮತ್ತು ನೀರು ಬರುತ್ತಿದ್ದುದು ಅಲ್ಲಿಗೇ. ಆಮೇಲೆ ಪ್ರಧಾನ ಬಾಗಿಲು, ಅದರ ಒಳಗೆ ನಡುಮನೆ, ಅದಕ್ಕೂ ಒಳಗೆ ದೇವರ ಕೋಣೆ ಮತ್ತು ಅಡುಗೆಮನೆ. ರಸ್ತೆಯಿಂದ ನಡುಮನೆಗೆ ಹೆಚ್ಚೆಂದರೆ ನಲವತ್ತು ಹೆಜ್ಜೆ. ಆ ನಲವತ್ತು ಹೆಜ್ಜೆಗಳಲ್ಲಿ ಬಿಸಿಲು ಇಳಿಯುತ್ತಿತ್ತು, ಕಾಲಿನ ಧೂಳು ಹೋಗುತ್ತಿತ್ತು, ದನಿ ತಗ್ಗುತ್ತಿತ್ತು, ಬಂದವರು ಯಾರು, ಯಾಕೆ ಬಂದರು ಎಂಬುದು ಯಾರೂ ಕೇಳದೆಯೇ ಗೊತ್ತಾಗುತ್ತಿತ್ತು.

ಮಳೆಗಾಲದಲ್ಲಿ ಆ ಜಗುಲಿಯೇ ಮನೆಯಾಗುತ್ತಿತ್ತು. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸೀಮೆ ನಮ್ಮದು. ಜೂನ್ ಹಿಡಿಯುವ ಮೊದಲೇ ಎರಚಲು ಒಳಗೆ ಬಾರದಂತೆ ಅಡಿಕೆ ಸೋಗೆಯ ತಟ್ಟಿಗಳನ್ನು ಜಗುಲಿಯ ಹೊರ ಅಂಚಿಗೆ ಕಟ್ಟುತ್ತಿದ್ದರು. ಅಲ್ಲಿಂದ ಮೂರು ನಾಲ್ಕು ತಿಂಗಳು ಜಗುಲಿಯ ಬೆಳಕು ಕಂದುಬಣ್ಣಕ್ಕೆ ತಿರುಗಿರುತ್ತಿತ್ತು. ಹೊರಗಿನ ಮಳೆ ಸದ್ದಾಗಿ, ತಂಪಾಗಿ, ವಾಸನೆಯಾಗಿ ಒಳಗೆ ಬರುತ್ತಿತ್ತು, ನೀರಾಗಿ ಬರುತ್ತಿರಲಿಲ್ಲ. ಒಂದು ಗೋಡೆ ಏನನ್ನು ಬಿಡಬೇಕು, ಏನನ್ನು ತಡೆಯಬೇಕು ಎಂಬುದನ್ನು ನಾನು ಕಲಿತದ್ದು ಕಾಲೇಜಿಗಿಂತ ಮೊದಲು ಆ ತಟ್ಟಿಗಳಿಂದ.

ಹೊಸ್ತಿಲಿನ ವಿಷಯದಲ್ಲಿ ಅಜ್ಜಿ ಬಹಳ ಕಟ್ಟುನಿಟ್ಟು. ಹಲಸಿನ ಮರದ, ಒಂದು ಗೇಣು ಅಗಲದ ಹೊಸ್ತಿಲು ಅದು. ದಿನವೂ ಒರೆಸಿ ಅರಿಶಿನ ಹಚ್ಚುತ್ತಿದ್ದುದರಿಂದ ಮರದ ಎಳೆಗಳ ನಡುವೆ ಅರಿಶಿನ ಇಳಿದು ಹೋಗಿ, ತೊಳೆದ ಮೇಲೂ ಸಣ್ಣ ಹಳದಿ ಗೆರೆಗಳು ಉಳಿದಿರುತ್ತಿದ್ದವು. ಅದರ ಮೇಲೆ ಕಾಲಿಡಬಾರದು, ಕೂರಬಾರದು, ಆಚೆ ಒಬ್ಬರು ಈಚೆ ಒಬ್ಬರು ನಿಂತು ಏನನ್ನೂ ಕೊಡಬಾರದು, ತೆಗೆದುಕೊಳ್ಳಬಾರದು. ನಾನು ಒಮ್ಮೆ ಅದರ ಮೇಲೆ ಕೂತು ಮಳೆ ನೋಡುತ್ತಿದ್ದಾಗ ಅಜ್ಜಿ ಹಿಂದಿನಿಂದ ಬಂದು, "ಏಳು ಮಗಾ, ಅದು ನರಸಿಂಹ ದೇವರು ಕೂತ ಜಾಗ" ಎಂದಳು.

ಆ ಕಥೆ ಎಲ್ಲರಿಗೂ ಗೊತ್ತಿರುವುದೇ. ಹಿರಣ್ಯಕಶಿಪು ಹಗಲಲ್ಲೂ ಇರುಳಲ್ಲೂ, ಒಳಗೂ ಹೊರಗೂ, ಮನುಷ್ಯನಿಂದಲೂ ಮೃಗದಿಂದಲೂ, ಭೂಮಿಯಲ್ಲೂ ಆಕಾಶದಲ್ಲೂ ಸಾವು ಬಾರದ ವರ ಪಡೆದವನು. ಹಗಲು ಇರುಳುಗಳ ನಡುವಿನ ಮುಸ್ಸಂಜೆಯಲ್ಲಿ, ಒಳಹೊರಗುಗಳ ನಡುವಿನ ಹೊಸ್ತಿಲ ಮೇಲೆ ಕೂತು, ನೆಲಕ್ಕೂ ಬಾನಿಗೂ ಸೇರದ ತೊಡೆಯ ಮೇಲೆ ಅವನನ್ನು ಇರಿಸಿಕೊಂಡು, ಮನುಷ್ಯನೂ ಅಲ್ಲದ ಮೃಗವೂ ಅಲ್ಲದ ನರಸಿಂಹ ಕೊಂದ. ಬೇಲೂರು, ಹಳೇಬೀಡುಗಳ ಹೊರಗೋಡೆಗಳಲ್ಲಿ ಆ ಮೂರ್ತಿಯನ್ನು ನೋಡುವಾಗಲೆಲ್ಲ ನನಗೆ ಅನ್ನಿಸುವುದಿದೆ: ವರ ಬೇಡಿದವನು ಲೋಕವನ್ನು ಎರಡೆರಡೇ ಹೋಳುಗಳಾಗಿ ಎಣಿಸಿದ್ದ, ಹೋಳುಗಳ ನಡುವೆ ಒಂದು ಜಾಗ ಇರುತ್ತದೆಂಬುದನ್ನು ಎಣಿಕೆಗೆ ತೆಗೆದುಕೊಂಡಿರಲಿಲ್ಲ. ಇಂದಿನ ನಮ್ಮ ಮನೆಯ ನಕ್ಷೆಗಳೂ ಹೀಗೆಯೇ ಎಣಿಸುತ್ತವೆ.

ಈ ನಡುಜಾಗವನ್ನು ಕುರಿತ ಪಶ್ಚಿಮದ ಚರ್ಚೆಯ ಬೇರಿನಲ್ಲೂ ಹೊಸ್ತಿಲೇ ಇದೆ. 1909ರಲ್ಲಿ ಆರ್ನಾಲ್ಡ್ ವಾನ್ ಗೆನೆಪ್ ಎಂಬ ವಿದ್ವಾಂಸರು ಹುಟ್ಟು, ಮದುವೆ, ಸಾವುಗಳಂಥ ಸಂಸ್ಕಾರಗಳಲ್ಲಿ ಮೂರು ಹಂತಗಳನ್ನು ಗುರುತಿಸಿದರು: ಮೊದಲಿನ ಸ್ಥಿತಿಯಿಂದ ಬಿಡಿಸಿಕೊಳ್ಳುವುದು, ನಡುವೆ ನಿಲ್ಲುವುದು, ಹೊಸ ಸ್ಥಿತಿಗೆ ಸೇರಿಕೊಳ್ಳುವುದು. ನಡುವಿನ ಹಂತಕ್ಕೆ ಅವರು ಇಟ್ಟ ಹೆಸರು ಲ್ಯಾಟಿನ್ನಿನ 'ಲಿಮೆನ್' ಎಂಬ ಶಬ್ದದಿಂದ ಬಂದದ್ದು; ಅದರ ಅರ್ಥ ಹೊಸ್ತಿಲು. 1960ರ ದಶಕದಲ್ಲಿ ಮಾನವಶಾಸ್ತ್ರಜ್ಞ ವಿಕ್ಟರ್ ಟರ್ನರ್ ಆ ನಡುಹಂತವನ್ನೇ ವಿಸ್ತಾರವಾಗಿ ಅಧ್ಯಯನ ಮಾಡಿದರು, ಅಲ್ಲಿಂದ ಆ ಮಾತು ವಾಸ್ತುಶಿಲ್ಪಿಗಳ ಬಾಯಿಗೂ ಬಂತು. ಓದುವಾಗ ನನಗೆ ಕಣ್ಣ ಮುಂದೆ ಬಂದದ್ದು ಹೊಸ ಸೊಸೆ ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಬಲಗಾಲಿನಿಂದ ಮೆಲ್ಲನೆ ತಳ್ಳಿ ಒಳಗೆ ಬರುವ ಗಳಿಗೆ. ಸೇರು ಉರುಳುವ ಮೊದಲು ಅವಳು ತವರಿನವಳೂ ಅಲ್ಲ, ಈ ಮನೆಯವಳೂ ಅಲ್ಲ. ಆ ಒಂದು ಗಳಿಗೆಗಾಗಿ ಎರಡೂ ಕಡೆಯ ಜನ ಬಾಗಿಲಲ್ಲಿ ಉಸಿರು ಹಿಡಿದು ನಿಂತಿರುತ್ತಾರೆ.

ನಮ್ಮ ಮಾತಿನಲ್ಲಿಯೂ ಈ ನಡುಜಾಗ ಅಡಗಿದೆ. ಹೊರಡುವವರು ಹೊಸ್ತಿಲ ಬಳಿ 'ಹೋಗ್ತೇನೆ' ಎನ್ನುವುದಿಲ್ಲ, 'ಬರ್ತೇನೆ' ಎನ್ನುತ್ತಾರೆ. ಹಾಗೆ ಹೇಳಿ ಕೂಡಲೇ ಹೋಗಿಬಿಡುವುದೂ ಇಲ್ಲ. ಜಗುಲಿಯಲ್ಲಿ ನಿಂತು ಇನ್ನೊಂದು ಮಾತು, ಮೆಟ್ಟಿಲಲ್ಲಿ ಮತ್ತೊಂದು, ದಣಪೆಯ ಹತ್ತಿರ ಮನೆಯವರೂ ಬಂದು ನಿಂತ ಮೇಲೆ ಎಲ್ಲಕ್ಕಿಂತ ಮುಖ್ಯವಾದದ್ದು. ಮದುವೆ ಸಂಬಂಧದ ಪ್ರಸ್ತಾಪ, ಸಾಲದ ಮಾತು, ಮಗನ ವಿಷಯದ ಚಿಂತೆ, ಇವೆಲ್ಲ ಕುರ್ಚಿಯ ಮೇಲೆ ಎದುರುಬದುರು ಕೂತಾಗ ಬಾಯಿಗೆ ಬರುವುದಿಲ್ಲ. ಹೊರಟು ನಿಂತಾಗ ಬರುತ್ತವೆ. ಸ್ಪಷ್ಟವಾಗಿ ಮಾತಾಡದವರನ್ನು ಅಡ್ಡಗೋಡೆಯ ಮೇಲೆ ದೀಪ ಇಟ್ಟವರೆಂದು ನಾವು ದೂರುತ್ತೇವೆ. ಆದರೆ ಅಡ್ಡಗೋಡೆಯ ಮೇಲಿಟ್ಟ ದೀಪ ನಿಜವಾಗಿಯೂ ಎರಡು ಕೋಣೆಗಳಿಗೆ ಬೆಳಕು ಕೊಡುತ್ತದೆ, ಒಂದೇ ದೀಪದ ಎಣ್ಣೆಯಲ್ಲಿ ಸಂಸಾರ ತೂಗಿಸಿದವರಿಗೆ ಅದರ ಬೆಲೆ ಗೊತ್ತಿತ್ತು.

ಕಲ್ಲಿನಲ್ಲಿ ಈ ವಿಚಾರವನ್ನು ನಮ್ಮ ನಾಡಿನವರು ಎಷ್ಟು ಆಳವಾಗಿ ತಿಳಿದಿದ್ದರೆಂಬುದನ್ನು ನೋಡಲು ಬೇಲೂರಿಗೆ ಹೋಗಬೇಕು. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಶಿಲ್ಪಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನಗೆ ಅಲ್ಲಿ ಶಿಲ್ಪಗಳಷ್ಟೇ ಮುಖ್ಯವಾಗಿ ಕಾಣುವುದು ನಡಿಗೆ. ಪೇಟೆ ಬೀದಿಯಿಂದ ವಿಜಯನಗರ ಕಾಲದ ಗೋಪುರದ ಕೆಳಗೆ ಹಾದರೆ ಬಿಸಿಲು ಹರಡಿದ ಪ್ರಾಕಾರದ ಅಂಗಳ. ಅಂಗಳದಿಂದ ನಕ್ಷತ್ರದಾಕಾರದ ಜಗತಿ, ಎಂದರೆ ದೇವಾಲಯ ನಿಂತ ಎತ್ತರದ ಕಟ್ಟೆ. ಅದರ ಮೇಲೆ ಸುತ್ತು ಬರುವಷ್ಟು ಹೊತ್ತೂ ನಾವು ದೇವಾಲಯದ ಮೇಲಿದ್ದೇವೆ, ಆದರೆ ಒಳಗಿಲ್ಲ. ಆಮೇಲೆ ಬಾಗಿಲು, ಬಾಗಿಲ ಒಳಗೆ ನವರಂಗ, ಅದರಾಚೆಗೆ ಸುಕನಾಸಿ, ಕೊನೆಗೆ ಗರ್ಭಗುಡಿ. ಸುಕನಾಸಿಗೆ ಶಾಸ್ತ್ರದಲ್ಲಿ ಅಂತರಾಳವೆಂದೂ ಹೆಸರು. ಎರಡರ ನಡುವಿನ ತೆರವು ಎಂಬ ಅರ್ಥದ ಆ ಶಬ್ದವನ್ನೇ ಒಂದು ಕೋಣೆಗೆ ಹೆಸರಾಗಿ ಇಟ್ಟವರು ನಡುಜಾಗವನ್ನು ಉಳಿದ ಜಾಗಗಳಿಗೆ ಸಮನಾಗಿ ಎಣಿಸಿದ್ದರು.

ನಡುಹಗಲಿನಲ್ಲಿ ಒಳಗೆ ಕಾಲಿಟ್ಟರೆ ಮೊದಲು ಏನೂ ಕಾಣುವುದಿಲ್ಲ. ನೆತ್ತಿಯ ಮೇಲಿನ ಬಿಸಿಲು ಬೆಳಕಿನ ಅಳತೆಯಲ್ಲಿ ಸುಮಾರು 1,00,000 ಲಕ್ಸ್ ಇದ್ದರೆ, ನಾವು ದೀಪ ಹಾಕಿಕೊಂಡು ಬಾಳುವ ಕೋಣೆಗಳಲ್ಲಿ ಇರುವುದು ಕೆಲವು ನೂರು ಲಕ್ಸ್ ಮಾತ್ರ, ನವರಂಗದಲ್ಲಿ ಅದಕ್ಕಿಂತಲೂ ಕಡಿಮೆ. ಕತ್ತಲೆಗೆ ಕಣ್ಣು ಪೂರ್ತಿಯಾಗಿ ಹೊಂದಿಕೊಳ್ಳಲು ಅರ್ಧ ಗಂಟೆಯವರೆಗೂ ಬೇಕಾಗುತ್ತದೆ. ನಿಂತಲ್ಲೇ ನಿಂತಿದ್ದರೆ ಮೊದಲು ಅಂಗಾಲಿಗೆ ಕಲ್ಲಿನ ತಂಪು ಸಿಗುತ್ತದೆ, ಆಮೇಲೆ ಕಿವಿಗೆ ಮಂಟಪದ ಎತ್ತರ ತಿಳಿಯುತ್ತದೆ, ಕೊನೆಗೆ ನುಣುಪಾದ ಕಂಬಗಳ ಏಣುಗಳ ಮೇಲೆ ತೆಳ್ಳಗೆ ಬೆಳಕಿನ ಗೆರೆಗಳು ಒಂದೊಂದಾಗಿ ಮೂಡುತ್ತವೆ. ಮಾರ್ಗದರ್ಶಿಗಳು ಟಾರ್ಚಿನ ಬೆಳಕನ್ನು ನೇರವಾಗಿ ಛಾವಣಿಗೆ ಬಿಟ್ಟಾಗ ನನಗೆ ಸಂಕಟವಾಗುತ್ತದೆ. ಹತ್ತು ನಿಮಿಷ ಸುಮ್ಮನೆ ನಿಂತಿದ್ದರೆ ಆ ಕಟ್ಟಡ ತಾನಾಗಿಯೇ ತೋರಿಸಿಕೊಳ್ಳುತ್ತಿತ್ತು.

ಈ ಕತ್ತಲೆ ಮೊದಲಿನಿಂದ ಇದ್ದದ್ದಲ್ಲ ಎಂಬುದು ಅಷ್ಟೇ ಕುತೂಹಲದ ಸಂಗತಿ. ಆರಂಭದಲ್ಲಿ ನವರಂಗ ತೆರೆದ ಮಂಟಪವಾಗಿತ್ತು. ಅಂಚಿನ ಕಂಬಗಳ ನಡುವಿನ ಕಲ್ಲಿನ ಜಾಲಂಧ್ರಗಳು ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಸೇರಿದವು. ತೆರೆದ ಜಗುಲಿಯಂತಿದ್ದದ್ದು ಹೀಗೆ ಒಳಕೋಣೆಯಾಯಿತು, ಆದರೆ ಪೂರ್ತಿ ಮುಚ್ಚಲಿಲ್ಲ. ಬೆಳಕು ಸಣ್ಣ ಸಣ್ಣ ಚೌಕಗಳಾಗಿ ನೆಲದ ಮೇಲೆ ಬೀಳುವಷ್ಟು ಉಳಿಯಿತು. ಅದೇ ಬಲ್ಲಾಳನ ಕಾಲದಲ್ಲಿ, 1196ರಲ್ಲಿ, ತರೀಕೆರೆಯ ಹತ್ತಿರದ ಅಮೃತಾಪುರದಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಮುಂದಿನ ಮಂಟಪ ಮಾತ್ರ ಇಂದಿಗೂ ತೆರೆದೇ ಇದೆ. ಅದರ ಅರೆಗೋಡೆಯ ಹೊರಮೈಯಲ್ಲಿ ರಾಮಾಯಣ, ಮಹಾಭಾರತ, ಭಾಗವತಗಳ ಕಥೆಗಳನ್ನು ಕೆತ್ತಿದ್ದಾರೆ, ಒಳಮಗ್ಗುಲಲ್ಲಿ ಜನ ಕೂರುತ್ತಾರೆ. ಹೊರಗೆ ನಡೆಯುವವರಿಗೆ ಕಥೆ, ಒಳಗೆ ಬಂದವರಿಗೆ ಆಸರೆ, ಎರಡೂ ಒಂದೇ ಗೋಡೆಯಿಂದ. ಮಧ್ಯಾಹ್ನದ ಹೊತ್ತು ಅಲ್ಲಿ ಕೂತರೆ ಮುಂದೆ ತೆಂಗಿನ ತೋಟದ ಬಿಸಿಲು, ಬೆನ್ನ ಹಿಂದೆ ಗರ್ಭಗುಡಿಯ ಕಡೆಗೆ ಮಬ್ಬಾಗುತ್ತ ಹೋಗುವ ಕಂಬಗಳ ಸಾಲು. ಒಳಗೆ ಹೋಗುವ ಅವಸರವಾಗಲಿ, ಎದ್ದು ಹೊರಡುವ ಅವಸರವಾಗಲಿ ಆ ಜಾಗದಲ್ಲಿ ಹುಟ್ಟುವುದಿಲ್ಲ.

ಇಷ್ಟು ವರ್ಷಗಳ ಕೆಲಸದ ನಂತರ ನನಗೆ ಖಚಿತವಾಗಿರುವುದು ಒಂದೇ. ನಡುಜಾಗವನ್ನು ಚದರಡಿಯಲ್ಲಿ ಅಳೆದರೆ ಅದು ಯಾವಾಗಲೂ ದಂಡದಂತೆ ಕಾಣುತ್ತದೆ, ಏಕೆಂದರೆ ಅಲ್ಲಿ ಮಂಚ ಹಾಕುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ. ಅದು ಕೊಡುವುದು ಹೊತ್ತನ್ನು: ಕಣ್ಣು ಹೊಂದಿಕೊಳ್ಳಲು, ಮನಸ್ಸು ಬದಲಾಗಲು, ಒಳಗೆ ಬರಬೇಕೋ ಬೇಡವೋ ಎಂದು ತೀರ್ಮಾನಿಸದೆ ಇರಲು ಬೇಕಾದ ಹೊತ್ತು. ಬಾಗಿಲೊಂದೇ ಇದ್ದರೆ ಆ ತೀರ್ಮಾನವನ್ನು ಒಂದೇ ಗಳಿಗೆಯಲ್ಲಿ ಮಾಡಬೇಕಾಗುತ್ತದೆ, ಎರಡೂ ಕಡೆಯವರು.

ನೆದರ್ಲೆಂಡ್ಸಿನ ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್ ಎರಡನೆಯ ಮಹಾಯುದ್ಧದ ನಂತರ ಇದನ್ನೇ ಬಹಳ ತೀವ್ರವಾಗಿ ವಾದಿಸಿದರು. 1960ರಲ್ಲಿ ಮುಗಿದ ಅವರ ಆಮ್‌ಸ್ಟರ್‌ಡ್ಯಾಮಿನ ಅನಾಥಾಲಯದಲ್ಲಿ ಮಕ್ಕಳು ಊರಿನಿಂದ ತಮ್ಮ ಕೋಣೆಗೆ ಒಮ್ಮೆಲೇ ಬಂದು ಬೀಳದಂತೆ ಅಂಗಳ, ಒಳಬೀದಿ, ತಗ್ಗು, ಕಟ್ಟೆಗಳನ್ನು ಒಂದರ ಹಿಂದೆ ಒಂದು ಜೋಡಿಸಿದ್ದಾರೆ. ಮನೆಯನ್ನೇ ಕಳೆದುಕೊಂಡ ಮಕ್ಕಳಿಗೆ ಒಳಹೊರಗುಗಳ ನಡುವೆ ಬಹಳ ಮೆಟ್ಟಿಲು ಬೇಕೆಂದು ಅವರಿಗೆ ಅರ್ಥವಾಗಿತ್ತು. ನಮ್ಮ ಬೆಂಗಳೂರಿನಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಬನ್ನೇರುಘಟ್ಟ ರಸ್ತೆಯ ಭಾರತೀಯ ನಿರ್ವಹಣಾ ಸಂಸ್ಥೆ. 2018ರಲ್ಲಿ ವಾಸ್ತುಶಿಲ್ಪದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಬಾಲಕೃಷ್ಣ ದೋಶಿ ಅದರ ವಿನ್ಯಾಸವನ್ನು 1970ರ ದಶಕದ ಕೊನೆಯಲ್ಲಿ ಆರಂಭಿಸಿದರು. ಫತೇಪುರ್ ಸಿಕ್ರಿಯೂ ತಮಿಳುನಾಡಿನ ಮಧುರೆಯ ದೇವಾಲಯವೂ ಅವರ ಮನಸ್ಸಿನಲ್ಲಿದ್ದವು. ಅಲ್ಲಿ ನನಗೆ ತರಗತಿಗಳಿಗಿಂತ ಮುಖ್ಯವಾಗಿ ಕಾಣುವುದು ಅವುಗಳನ್ನು ಜೋಡಿಸುವ ಎತ್ತರದ ಓಣಿಗಳು. ಒರಟು ಬೂದುಗಲ್ಲಿನ ಗೋಡೆಗಳ ನಡುವೆ ನಡೆಯುವಾಗ ತಲೆಯ ಮೇಲೆ ಒಮ್ಮೆ ಚಾವಣಿ, ಒಮ್ಮೆ ಬಳ್ಳಿ ಹಬ್ಬಿದ ತೊಲೆಗಳು, ಒಮ್ಮೆ ಬರೀ ಆಕಾಶ. ಪಾಠ ಮುಗಿದ ಮೇಲೂ ಮಾತು ಮುಗಿಯದವರಿಗಾಗಿ ಆ ಓಣಿಗಳನ್ನು ಹಾದುಹೋಗಲು ಬೇಕಾದದ್ದಕ್ಕಿಂತ ಹೆಚ್ಚು ಅಗಲವಾಗಿ ಬಿಟ್ಟಿದ್ದಾರೆ.

ಇಲ್ಲಿಯವರೆಗೆ ನಾನು ಜಗುಲಿಯನ್ನು ಹೊಗಳುತ್ತಲೇ ಬಂದಿದ್ದೇನೆ. ಅದೇ ಜಗುಲಿಯ ಇನ್ನೊಂದು ಮುಖವನ್ನು ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ.

ನಮ್ಮ ಅಂಗಳದ ತುದಿಯಲ್ಲಿ ಅಡಿಕೆ ದಬ್ಬೆಯ ಒಂದು ಬೆಂಚಿತ್ತು. ತೋಟದ ಕೆಲಸಕ್ಕೆ ಬರುತ್ತಿದ್ದವರು ಕೂರುತ್ತಿದ್ದುದು ಅಲ್ಲಿ. ಅವರ ಚಹಾದ ಲೋಟಗಳು ಬೇರೆ. ಕುಡಿದ ಮೇಲೆ ಅವರೇ ತೊಳೆದು ಸೂರಿನ ಸಂದಿಯಲ್ಲಿ ಸಿಕ್ಕಿಸಿ ಹೋಗುತ್ತಿದ್ದರು. ನಲವತ್ತು ವರ್ಷ ನಮ್ಮ ತೋಟದಲ್ಲಿ ದುಡಿದು, ನನ್ನನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದ ಒಬ್ಬ ಹಿರಿಯರು ನಮ್ಮ ನಡುಮನೆಯನ್ನು ಒಮ್ಮೆಯೂ ಕಂಡವರಲ್ಲ. ಅಜ್ಜ ಜಗುಲಿಯಲ್ಲಿ ಮಲಗಿದ್ದ ದಿನ ಅವರು ಅಂಗಳದ ಆ ತುದಿಯಲ್ಲಿ ನಿಂತು ಅಳುತ್ತಿದ್ದರು. 'ಪ್ರತಿಯೊಬ್ಬರಿಗೂ ತಮ್ಮ ಜಾಗ ಗೊತ್ತಿತ್ತು' ಎಂದು ನಾನು ಅಷ್ಟು ಹೊತ್ತಿನಿಂದ ಮೆಚ್ಚಿಕೊಂಡದ್ದರ ಅರ್ಥ ಅವರ ಪಾಲಿಗೆ ಏನಾಗಿತ್ತೆಂಬುದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು. ಮನೆಯ ಹೆಂಗಸರಿಗೂ ತಿಂಗಳಿಗೆ ಮೂರು ದಿನ ಹಿಂಬದಿಯ ಜಗುಲಿಯೇ ಗತಿಯಾಗಿತ್ತು. ನಲವತ್ತು ಹೆಜ್ಜೆಗಳ ಆ ದಾರಿ ಬಿಸಿಲನ್ನು, ಧೂಳನ್ನು ಸೋಸಿದಂತೆ ಮನುಷ್ಯರನ್ನೂ ಸೋಸುತ್ತಿತ್ತು. ಒಬ್ಬೊಬ್ಬರನ್ನು ಒಂದೊಂದು ಮೆಟ್ಟಿಲಿನಲ್ಲಿ ನಿಲ್ಲಿಸುತ್ತಿತ್ತು, ಮತ್ತು ಕೆಲವರನ್ನು ಜೀವಮಾನವಿಡೀ ಅಲ್ಲಿಯೇ ನಿಲ್ಲಿಸಿತು.

ಉಡುಪಿಯ ಕನಕನ ಕಿಂಡಿಯ ಮುಂದೆ ನಿಂತಾಗಲೂ ಈ ಯೋಚನೆ ಬಿಡುವುದಿಲ್ಲ. ಒಳಗೆ ಬಿಡದ ಭಕ್ತನಿಗಾಗಿ ದೇವರೇ ಪಶ್ಚಿಮಕ್ಕೆ ತಿರುಗಿದ ಎಂಬುದು ಐತಿಹ್ಯ. ದೇವರು ತಿರುಗಿದ ಕಥೆಯನ್ನು ನಾವು ಭಕ್ತಿಯಿಂದ ಹೇಳುತ್ತೇವೆ; ಬಾಗಿಲು ತೆರೆಯದೆ ಉಳಿದದ್ದೂ ಅದೇ ಕಥೆಯ ಭಾಗ. ಒಂದು ಗೋಡೆಯಲ್ಲಿ ಕಿಂಡಿ ಎಷ್ಟು ದೊಡ್ಡದು, ಯಾರಿಗೆ ಎಂಬ ಪ್ರಶ್ನೆಯಲ್ಲಿ ಇಡೀ ಸಮಾಜ ಇರುತ್ತದೆ.

ಹಾಗೆಂದು ಜಗುಲಿಗಳನ್ನು ಕೆಡವಿದ್ದರಿಂದ ಸೋಸುವುದು ನಿಲ್ಲಲಿಲ್ಲ. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸದವರಿಗೆ ಬೇರೆ ಲಿಫ್ಟಿದೆ. ಗೇಟಿನಲ್ಲಿ ಡೆಲಿವರಿ ಹುಡುಗರು ಫೋನಿನಲ್ಲಿ ಒಪ್ಪಿಗೆ ಬರುವವರೆಗೆ ಬಿಸಿಲಿನಲ್ಲಿ ನಿಲ್ಲುತ್ತಾರೆ. ಹಳೆಯ ಜಗುಲಿ ತಡೆದ ಜನರನ್ನೇ ಈಗಿನ ಗೇಟೂ ತಡೆಯುತ್ತದೆ; ಹೋದದ್ದು ಕೂರುವ ಕಟ್ಟೆ, ನೆರಳು ಮತ್ತು ಒಂದು ಲೋಟ ನೀರು.

ಬೆಂಗಳೂರಿನ ಮನೆಗಳೂ ಮೊದಲಿನಿಂದ ಹೀಗಿರಲಿಲ್ಲ. ಪ್ಲೇಗು ಬಂದ 1898ರ ಸುಮಾರಿಗೆ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಳಿದುಳಿದ ಹಳೆಯ ಮನೆಗಳ ಮುಂದೆ ಈಗಲೂ ಹೆಂಚಿನ ಇಳಿಮಾಡು, ಕೆಂಪು ನೆಲದ ವರಾಂಡ, ಎರಡು ಪಕ್ಕಕ್ಕೆ ಕಲ್ಲಿನ ಕಟ್ಟೆ ಕಾಣಸಿಗುತ್ತವೆ. ನಂತರದ ಬಡಾವಣೆಗಳಲ್ಲಿ ವರಾಂಡ 'ಸಿಟೌಟ್' ಆಯಿತು, ಸಿಟೌಟಿಗೆ ಗ್ರಿಲ್ ಬಂತು, ಗ್ರಿಲ್ಲಿನೊಳಗೆ ಸ್ಕೂಟರ್ ಬಂತು, ಕೊನೆಗೆ ಗೋಡೆ ಎದ್ದು ಅದು ಇನ್ನೊಂದು ಕೋಣೆಯಾಯಿತು. ಈಗ ಮೂವತ್ತು ನಲವತ್ತರ ಸೈಟಿನಲ್ಲಿ ಗೇಟು, ಕಾರು, ಚಪ್ಪಲಿ ಗೂಡು, ಬಾಗಿಲು. ರಸ್ತೆಯಿಂದ ಸೋಫಾದವರೆಗೆ ಎಂಟು ಹತ್ತು ಹೆಜ್ಜೆ. 1,200 ಚದರಡಿಗೆ ಸಾಲ ಮಾಡಿ ಮನೆ ಕಟ್ಟುವವರನ್ನು ಇದಕ್ಕಾಗಿ ದೂರುವುದು ಸರಿಯಲ್ಲ. ಮೇಲಿನ ಮಹಡಿಯ ಬಾಡಿಗೆಯಿಂದ ಸಾಲದ ಕಂತು ಕಟ್ಟಬೇಕಾದ ಮನೆಯಲ್ಲಿ ಪ್ರತಿ ಅಡಿಗೂ ಲೆಕ್ಕವಿರುತ್ತದೆ.

ಆದರೂ ದೊಡ್ಡಪ್ಪನ ಸಾವಿನ ನಂತರ ನಾನು ಪ್ರತಿ ನಕ್ಷೆಯಲ್ಲಿಯೂ ಜಗುಲಿಗಾಗಿ ಒಮ್ಮೆಯಾದರೂ ವಾದಿಸುತ್ತೇನೆ. ಬಹಳ ಸಲ ಸೋಲುತ್ತೇನೆ. ಕಳೆದ ವರ್ಷ ಇಬ್ಬರು ಶಾಲಾ ಶಿಕ್ಷಕರ ಮನೆಯಲ್ಲಿ ಗೆದ್ದೆ, ಅದೂ ಅವರ ತಾಯಿಯ ದೆಸೆಯಿಂದ. ಬೇಕೆಂದು ಮೊದಲು ಕೇಳಿದವರೇ ಅವರು, "ಅವರೆಕಾಯಿ ಸುಲಿಯೋಕೆ ಒಂದು ಜಾಗ ಬೇಡವಾ?" ಎಂದು. ನನ್ನ ಬಳಿ ಇದ್ದ ಯಾವ ವಾದವೂ ಆ ಪ್ರಶ್ನೆಯಷ್ಟು ಗಟ್ಟಿಯಾಗಿರಲಿಲ್ಲ.

ಜಗುಲಿಯ ಅಳತೆಗಳಲ್ಲಿ ಕೆಲವು ಇಂಚು ಹೆಚ್ಚುಕಡಿಮೆಯಾದರೂ ಅದು ಸಾಯುತ್ತದೆ. ಆಳ ನಾಲ್ಕು ಅಡಿಗಿಂತ ಕಡಿಮೆಯಾದರೆ ಒಬ್ಬರು ಕೂತಾಗ ಇನ್ನೊಬ್ಬರು ದಾಟುವಂತಿಲ್ಲ, ಹಾಗಾಗಿ ಯಾರೂ ಕೂರುವುದಿಲ್ಲ. ನಾವು ಐದು ಅಡಿ ಹಿಡಿದೆವು. ಉದ್ದ ಹದಿನಾಲ್ಕು ಅಡಿ, ಒಟ್ಟು 70 ಚದರಡಿ. ಕಟ್ಟೆಯ ಎತ್ತರ ಹದಿನೆಂಟು ಇಂಚು, ವಯಸ್ಸಾದವರು ಮೊಣಕಾಲಿಗೆ ಕೈಯೂರದೆ ಏಳುವಷ್ಟು. ಸೂರಿನ ಅಂಚನ್ನು ಏಳು ಅಡಿಗೆ ಇಳಿಸಿದೆವು. ಇನ್ನೂ ಎತ್ತರ ಮಾಡಿದರೆ ಎರಚಲು ಬರುತ್ತದೆ, ಮತ್ತು ಕೂತವರಿಗೆ ತಲೆಯ ಮೇಲೆ ಒಂದು ಕಾಪು ಇದೆಯೆನ್ನಿಸುವುದಿಲ್ಲ. ಕಾಂಪೌಂಡಿನ ಗೋಡೆಯನ್ನು ಮೂರೂವರೆ ಅಡಿಗೆ ನಿಲ್ಲಿಸಿದ್ದು ಕಷ್ಟದ ಕೆಲಸವಾಯಿತು, ಮನೆಯವರು ಕಳ್ಳರ ಹೆದರಿಕೆ ಹೇಳಿದರು. ಕೂತವರಿಗೆ ಬೀದಿ ಕಾಣಬೇಕು, ಬೀದಿಯವರಿಗೆ ಕೂತವರ ತಲೆ ಕಾಣಬೇಕು. ಇಲ್ಲದಿದ್ದರೆ ಅದು ಜಗುಲಿಯಾಗುವುದಿಲ್ಲ, ಕಿಟಕಿ ಇಲ್ಲದ ಕೋಣೆಯಾಗುತ್ತದೆ. ನೆಲಕ್ಕೆ ಕೆಂಪು ಗಾರೆ ಹಾಕಿಸಿದೆವು. ಅದನ್ನು ತಿಕ್ಕಿ ಹೊಳಪು ತರುವುದನ್ನು ಬಲ್ಲ ಮೇಸ್ತ್ರಿಗಾಗಿ ಒಂದೂವರೆ ತಿಂಗಳು ಕಾದೆವು. ಬಂದವರು ಎರಡು ದಿನ ಮಂಡಿಯೂರಿ ಕೂತು, ಕೈಬೆರಳಿನಿಂದ ಆಗಾಗ ಮುಟ್ಟಿ ನೋಡುತ್ತ, ಕರಣೆಯಿಂದ ನೆಲವನ್ನು ಕನ್ನಡಿ ಮಾಡಿದರು.

ಹೋದ ಜನವರಿಯಲ್ಲಿ ಆ ಮನೆಗೆ ಒಂದು ಬೆಳಿಗ್ಗೆ ಹೋಗಿದ್ದೆ. ಜಗುಲಿಯ ತುಂಬ ಅವರೆಕಾಯಿಯ ಸಿಪ್ಪೆ. ಪಕ್ಕದ ಮನೆಯ ಹೆಂಗಸು ಕಟ್ಟೆಯ ತುದಿಗೆ ಒರಗಿ ನಿಂತು 'ಬರ್ತೀನಿ, ಬರ್ತೀನಿ' ಎನ್ನುತ್ತ ಮುಕ್ಕಾಲು ಗಂಟೆಯಿಂದ ಕಾಯಿ ಬಿಡಿಸುತ್ತಿದ್ದರು. ಕಸ ತೆಗೆದುಕೊಂಡು ಹೋಗುವ ಪೌರಕಾರ್ಮಿಕ ಮಹಿಳೆ ಗಾಡಿಯನ್ನು ಗೇಟಿನ ಬಳಿ ನಿಲ್ಲಿಸಿ ಒಳಗೆ ಬಂದರು. ಅವರೆಕಾಯಿಗೆ ಜಾಗ ಕೇಳಿದ್ದ ಆ ಮನೆಯ ಅಜ್ಜಿ ಎಲ್ಲರಿಗೂ ತಂದಂಥದೇ ಸ್ಟೀಲಿನ ಲೋಟದಲ್ಲಿ ಅವರಿಗೂ ಕಾಫಿ ತಂದುಕೊಟ್ಟು, "ಮೇಲೆ ಬಂದು ಕೂತ್ಕೋ ತಾಯಿ" ಎಂದರು. ಆಕೆ, "ಇಲ್ಲೇ ಇರ್ಲಿ ಬಿಡಿ ಅಮ್ಮ" ಎಂದು ಕೆಳಗಿನ ಮೆಟ್ಟಿಲ ಮೇಲೆಯೇ ಕೂತರು. ಅಜ್ಜಿ ಇನ್ನೊಮ್ಮೆ ಕರೆದರು. ಆಕೆ ನಕ್ಕು, ಕಟ್ಟೆಯ ಕೆಂಪು ನೆಲವನ್ನೂ ತಮ್ಮ ಸೀರೆಯ ಅಂಚನ್ನೂ ಒಮ್ಮೆ ನೋಡಿ, ಅಲ್ಲಿಯೇ ಕಾಫಿ ಕುಡಿದರು.

ಆ ಮೆಟ್ಟಿಲಿನ ಎತ್ತರ ಆರು ಇಂಚು. ಮಳೆನೀರು ಜಗುಲಿಗೆ ಏರಬಾರದೆಂದು ಹಾಗೆ ಬರೆದವನು ನಾನು. ಈಗ ಕೈಯಲ್ಲಿರುವ ಇನ್ನೊಂದು ಮನೆಯ ನಕ್ಷೆಯಲ್ಲಿ ಜಗುಲಿಯ ನೆಲವನ್ನು ಗೇಟಿನ ಮಟ್ಟಕ್ಕೇ ಇಳಿಸಿ, ಅದರ ಮುಂದೆ ಜಾಲರಿ ಮುಚ್ಚಿದ ಒಂದು ಸಣ್ಣ ಚರಂಡಿ ಎಳೆದು, ನೀರು ಹೊರಗೇ ನಿಲ್ಲುತ್ತದೆಯೇ ಎಂದು ಲೆಕ್ಕ ಹಾಕುತ್ತಿದ್ದೇನೆ.